ಜಿಲ್ಲಾ ನ್ಯಾಯಾಲಯ: ಓದುಗರ ಪ್ರಶ್ನೆ, ನಿವೃತ್ತ ಶಿರಸ್ತೇದಾರರ ಉತ್ತರ

ಜಿಲ್ಲಾ ನ್ಯಾಯಾಲಯದ ಕೆಲಸ ನಡೆಯುವ ರೀತಿಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ‘ನಮ್ಮ ಕೇಸು ಗೆಲ್ಲುತ್ತದೆಯೇ’ ಎಂಬ ಸಾಲಿನೊಂದಿಗೆ ಮುಗಿದಿವೆ. ಅದಕ್ಕೆ ಉತ್ತರ ಹೇಳುವ ಅಧಿಕಾರ ನನಗಿಲ್ಲ. ನಾನು ವಕೀಲನಲ್ಲ, ನ್ಯಾಯಾಲಯದ ಕಚೇರಿಯಲ್ಲಿ ಬೆರಳಚ್ಚುಗಾರನಾಗಿ ಸೇರಿ, ಶಿರಸ್ತೇದಾರನಾಗಿ ನಿವೃತ್ತನಾದವನು. ಯಾವ ಕಾಗದ ಯಾವ ಮೇಜಿಗೆ ಹೋಗುತ್ತದೆ, ಅಲ್ಲಿ ಏಕೆ ಕೂರುತ್ತದೆ ಎಂಬುದನ್ನಷ್ಟೇ ನಾನು ಹೇಳಬಲ್ಲೆ. ಇಷ್ಟು ವರ್ಷ ನೋಡಿದ ಮೇಲೆ ನನಗನ್ನಿಸಿದ್ದೆಂದರೆ, ಕಕ್ಷಿದಾರರ ಕಷ್ಟದಲ್ಲಿ ದೊಡ್ಡ ಪಾಲು ಕಾನೂನಿನ ತೊಡಕಿನಿಂದ ಬಂದದ್ದಲ್ಲ. ತಮ್ಮ ಪ್ರಕರಣ ಯಾವ ಬಾಗಿಲಲ್ಲಿ, ಯಾವ ಹಂತದಲ್ಲಿ ನಿಂತಿದೆ ಎಂಬುದು ಅವರಿಗೇ ತಿಳಿಯದಿರುವುದರಿಂದ ಬಂದದ್ದು.

ಪ್ರಶ್ನೆ: ನಮ್ಮ ತಂದೆಯವರ ಜಮೀನಿನ ಪಹಣಿಯಲ್ಲಿ ಚಿಕ್ಕಪ್ಪನವರ ಹೆಸರು ಸೇರಿಬಿಟ್ಟಿದೆ. ಎ.ಸಿ. ಕೋರ್ಟಿನಲ್ಲಿ ಸೋತು ಡಿ.ಸಿ. ಕೋರ್ಟಿಗೆ ಹೋದೆವು. ಅಲ್ಲಿ ‘ಹಕ್ಕಿನ ವಿಚಾರ ಸಿವಿಲ್ ಕೋರ್ಟಿನಲ್ಲಿ ತೀರ್ಮಾನವಾಗಲಿ’ ಎಂದು ಆದೇಶವಾಯಿತು. ಡಿ.ಸಿ. ಕೋರ್ಟು ಎಂದರೆ ಜಿಲ್ಲಾ ಕೋರ್ಟೇ ಅಲ್ಲವೇ? (ಹಿರಿಯೂರು ತಾಲ್ಲೂಕಿನ ಓದುಗರು)

ಉತ್ತರ: ಅಲ್ಲ. ಎರಡೂ ಜಿಲ್ಲಾ ಕೇಂದ್ರದಲ್ಲೇ ಇರುವುದರಿಂದ ಈ ಗೊಂದಲ ಸಹಜ. ಉಪವಿಭಾಗಾಧಿಕಾರಿ (ಎ.ಸಿ.) ಮತ್ತು ಜಿಲ್ಲಾಧಿಕಾರಿಯವರು (ಡಿ.ಸಿ.) ನಡೆಸುವುದು ಕಂದಾಯ ನ್ಯಾಯಾಲಯ. 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 136ನೇ ಕಲಮಿನ ಪ್ರಕಾರ ಮ್ಯುಟೇಷನ್ (ಪಹಣಿಯಲ್ಲಿ ಹೆಸರು ಬದಲಿಸುವ) ಆದೇಶದ ಮೇಲೆ ಉಪವಿಭಾಗಾಧಿಕಾರಿಯವರಿಗೆ ಮೇಲ್ಮನವಿ, ಅನಂತರ ಜಿಲ್ಲಾಧಿಕಾರಿಯವರಲ್ಲಿ ಪುನರ್ವಿಮರ್ಶೆಗೆ ಅವಕಾಶವಿದೆ. ಅಲ್ಲಿ ಪರಿಶೀಲನೆಯಾಗುವುದು ದಾಖಲೆಯಲ್ಲಿ ಹೆಸರು ಕೂಡಿಸಿದ ಕ್ರಮ ಸರಿಯೇ ಎಂಬುದು ಮಾತ್ರ. ಜಮೀನು ಯಾರದು ಎಂಬ ಪ್ರಶ್ನೆ ಸಿವಿಲ್ ನ್ಯಾಯಾಲಯದ್ದು. ಪಹಣಿಯ ನಮೂದು ಸರಿ ಎಂದು ಕಾನೂನು ಭಾವಿಸುತ್ತದೆಯಾದರೂ ಆ ಭಾವನೆಯನ್ನು ಸಾಕ್ಷ್ಯದಿಂದ ಅಲ್ಲಗಳೆಯಬಹುದು. ಸಿವಿಲ್ ನ್ಯಾಯಾಲಯ ನಿಮ್ಮ ಹಕ್ಕನ್ನು ಘೋಷಿಸಿದರೆ ಪಹಣಿಯನ್ನು ಅದಕ್ಕೆ ತಕ್ಕಂತೆ ತಿದ್ದಬೇಕಾಗುತ್ತದೆ.

ನೀವು ಘೋಷಣೆಯ ದಾವೆ ಹೂಡುವುದಾದರೂ ಅದು ನೇರವಾಗಿ ಚಿತ್ರದುರ್ಗದ ಜಿಲ್ಲಾ ನ್ಯಾಯಾಧೀಶರ ಮುಂದೆ ಬರುವುದಿಲ್ಲ. ದಾವೆಯನ್ನು ಅದನ್ನು ವಿಚಾರಿಸಲು ಅಧಿಕಾರವುಳ್ಳ ಅತ್ಯಂತ ಕೆಳಗಿನ ನ್ಯಾಯಾಲಯದಲ್ಲೇ ಹಾಕಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 15ನೇ ಕಲಮು ಹೇಳುತ್ತದೆ. ಹಾಗಾಗಿ ದಾವೆಯ ಮೌಲ್ಯವನ್ನು ನೋಡಿಕೊಂಡು ಸಿವಿಲ್ ನ್ಯಾಯಾಧೀಶರು ಇಲ್ಲವೇ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ದಾವೆ ದಾಖಲಾಗುತ್ತದೆ. ಹಳಬರು ಮೊದಲನೆಯದನ್ನು ಇಂದಿಗೂ ಮುನ್ಸಿಫ್ ಕೋರ್ಟು ಎಂದೇ ಕರೆಯುತ್ತಾರೆ; ಹುದ್ದೆಯ ಹೆಸರು ಬದಲಾದರೂ ಬಾಯಿಯ ರೂಢಿ ಬದಲಾಗಿಲ್ಲ.

ಪ್ರಶ್ನೆ: ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ಪ್ರಧಾನ, ಒಂದನೇ ಅಪರ, ಎರಡನೇ ಅಪರ ಎಂದು ಬೇರೆ ಬೇರೆ ಫಲಕಗಳಿವೆ. ನಮ್ಮ ಮೇಲ್ಮನವಿ ಎರಡನೇ ಅಪರ ನ್ಯಾಯಾಧೀಶರ ಮುಂದಿದೆ. ಪ್ರಧಾನರೇ ದೊಡ್ಡವರಾದ್ದರಿಂದ ಅವರ ಮುಂದೆ ಹಾಕಿಸಿಕೊಳ್ಳಬಹುದೇ? (ಹಾಸನದ ಓದುಗರು)

ಉತ್ತರ: ತೀರ್ಪು ಕೊಡುವ ಅಧಿಕಾರದಲ್ಲಿ ಅಪರ ಜಿಲ್ಲಾ ನ್ಯಾಯಾಧೀಶರು ಪ್ರಧಾನರಿಗಿಂತ ಕಡಿಮೆಯವರಲ್ಲ. ಪ್ರಕರಣಗಳನ್ನು ಹಂಚುವುದು, ಕೆಳಗಿನ ನ್ಯಾಯಾಲಯಗಳ ಆಡಳಿತ ನೋಡಿಕೊಳ್ಳುವುದು, ಸಿಬ್ಬಂದಿಯ ಮೇಲ್ವಿಚಾರಣೆ ಇವು ಪ್ರಧಾನರ ಹೆಚ್ಚಿನ ಹೊಣೆಗಳು. ಅವರೆಲ್ಲರ ಮೇಲಿನ ನಿಯಂತ್ರಣ ಸಂವಿಧಾನದ 235ನೇ ವಿಧಿಯಂತೆ ಹೈಕೋರ್ಟಿನದು. ಜಿಲ್ಲಾಡಳಿತಕ್ಕಾಗಲಿ ಸರ್ಕಾರದ ಇಲಾಖೆಗಳಿಗಾಗಲಿ ಅದರಲ್ಲಿ ಪಾತ್ರವಿಲ್ಲ. ಸಂಹಿತೆಯ 24ನೇ ಕಲಮಿನಡಿ ವರ್ಗಾವಣೆ ಕೋರಬಹುದಾದರೂ ಅದಕ್ಕೆ ಸಕಾರಣ ಬೇಕು. ‘ದೊಡ್ಡವರು’ ಎಂಬುದು ಕಾರಣವಾಗುವುದಿಲ್ಲ.

ಇದೇ ನ್ಯಾಯಾಧೀಶರು ಸಿವಿಲ್ ವಿಷಯ ಕೇಳುವಾಗ ಜಿಲ್ಲಾ ನ್ಯಾಯಾಧೀಶರು, ಕ್ರಿಮಿನಲ್ ವಿಷಯ ಕೇಳುವಾಗ ಸತ್ರ ನ್ಯಾಯಾಧೀಶರು. ಫಲಕದ ಮೇಲೆ ‘ಜಿಲ್ಲಾ ಮತ್ತು ಸತ್ರ’ ಎಂದು ಎರಡು ಪದ ಇರುವುದು ಅದಕ್ಕೇ. ಬೆಂಗಳೂರು ನಗರದಲ್ಲಿ ಮಾತ್ರ 1979ರ ಪ್ರತ್ಯೇಕ ಅಧಿನಿಯಮದಂತೆ ಸಿಟಿ ಸಿವಿಲ್ ನ್ಯಾಯಾಲಯವಿದ್ದು, ಅಲ್ಲಿನ ತೀರ್ಪಿನ ಮೇಲ್ಮನವಿ ಹೈಕೋರ್ಟಿಗೆ ಹೋಗುತ್ತದೆ.

ಪ್ರಶ್ನೆ: ಭಾಗದ ದಾವೆಯಲ್ಲಿ ನನಗೆ ನಾಲ್ಕನೇ ಒಂದು ಪಾಲು ಎಂದು ತೀರ್ಪಾಗಿ ಆರು ವರ್ಷವಾಯಿತು. ಅಣ್ಣಂದಿರು ಮೇಲ್ಮನವಿ ಹಾಕಿ ಅಲ್ಲಿಯೂ ಸೋತರು. ಆದರೂ ಒಂದು ಗುಂಟೆ ನೆಲ ನನ್ನ ಕೈಗೆ ಬಂದಿಲ್ಲ. ತೀರ್ಪಿಗೆ ಬೆಲೆಯೇ ಇಲ್ಲವೇ? (ತಿಪಟೂರು ತಾಲ್ಲೂಕಿನ ಓದುಗರು, ಮಹಿಳೆ)

ಉತ್ತರ: ಇಂಥ ಪತ್ರಗಳು ಈ ಬಾರಿ ಅತಿ ಹೆಚ್ಚು ಬಂದಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. ನಿಮ್ಮ ಕೈಯಲ್ಲಿರುವುದು ಪ್ರಾಥಮಿಕ ಡಿಕ್ರಿ (ತೀರ್ಪಿನ ನಿರ್ಣಯವನ್ನು ಬರೆದ ಆದೇಶ) ಇರಬೇಕು. ಯಾರಿಗೆ ಎಷ್ಟು ಪಾಲು ಎಂಬುದನ್ನು ಮಾತ್ರ ಅದು ಹೇಳುತ್ತದೆ. ಆ ಪಾಲು ಹೊಲದ ಯಾವ ಮಗ್ಗುಲಲ್ಲಿ, ಬಾವಿ ಯಾರ ಕಡೆಗೆ, ದಾರಿ ಎಲ್ಲಿಂದ, ಮನೆಯ ಯಾವ ಅಂಕಣ ಯಾರಿಗೆ ಎಂಬುದು ಅದರಲ್ಲಿ ಇರುವುದಿಲ್ಲ. ಅದನ್ನೆಲ್ಲ ಗೊತ್ತುಮಾಡುವುದು ಅಂತಿಮ ಡಿಕ್ರಿ. ಕೋರ್ಟಿನ ಮಾತಿನಲ್ಲಿ ಎಫ್.ಡಿ.ಪಿ. ಎಂದು ಕರೆಯುವ ಅರ್ಜಿ ಇದಕ್ಕಾಗಿಯೇ ಇರುವುದು. ಮೊದಲ ತೀರ್ಪು ಬಂದ ದಿನ ಸಿಹಿ ಹಂಚಿ ಮನೆಗೆ ಹೋದ ಎಷ್ಟೋ ಜನ ಈ ಅರ್ಜಿಯನ್ನು ಹಾಕದೆಯೇ ವರ್ಷಗಟ್ಟಲೆ ಕಾದದ್ದನ್ನು ನಾನು ಕಂಡಿದ್ದೇನೆ.

ಕಂದಾಯ ಕಟ್ಟುವ ಕೃಷಿ ಜಮೀನಾದರೆ ಸಂಹಿತೆಯ 54ನೇ ಕಲಮಿನ ಪ್ರಕಾರ ಡಿಕ್ರಿಯು ಜಿಲ್ಲಾಧಿಕಾರಿಯವರಿಗೆ ಹೋಗಿ, ಅಲ್ಲಿಂದ ತಾಲ್ಲೂಕು ಕಚೇರಿ ಮತ್ತು ಸರ್ವೆಯವರ ಮೂಲಕ ಅಳತೆಯಾಗಿ ಪಾಲು ವಿಂಗಡಣೆಯಾಗುತ್ತದೆ. ಮನೆ, ನಿವೇಶನಗಳಾದರೆ ನ್ಯಾಯಾಲಯವು ಕಮಿಷನರರನ್ನು ನೇಮಿಸುತ್ತದೆ. ಅವರು ಸ್ಥಳ ನೋಡಿ, ನಕ್ಷೆ ಬರೆದು, ವರದಿ ಸಲ್ಲಿಸುತ್ತಾರೆ. ವರದಿಗೆ ಎರಡೂ ಕಡೆಯವರು ತಕರಾರು ಸಲ್ಲಿಸಬಹುದು. ತಕರಾರು ತೀರ್ಮಾನವಾದ ಮೇಲೆ ಅಂತಿಮ ಡಿಕ್ರಿ ಆಗುತ್ತದೆ. ಅದನ್ನು ಛಾಪಾ ಕಾಗದದ ಮೇಲೆ ಬರೆಸಬೇಕು, ಏಕೆಂದರೆ ಸ್ಟ್ಯಾಂಪ್ ಕಾನೂನಿನ ಕಣ್ಣಿಗೆ ಅದೂ ಒಂದು ವಿಭಾಗಪತ್ರವೇ. ಅಷ್ಟಾದ ಮೇಲೂ ಅಣ್ಣಂದಿರು ಸ್ವಾಧೀನ ಬಿಟ್ಟುಕೊಡದಿದ್ದರೆ ಡಿಕ್ರಿಯನ್ನು ಜಾರಿಗೊಳಿಸುವಂತೆ ಕೋರುವ ಅಮಲ್ಜಾರಿ ಅರ್ಜಿ ಹಾಕಿ, ಕೋರ್ಟಿನ ಅಮೀನರ ಮೂಲಕ ಸ್ವಾಧೀನ ಪಡೆಯಬೇಕು. ಅಂತಿಮ ಡಿಕ್ರಿಯ ಅಮಲ್ಜಾರಿಗೆ 12 ವರ್ಷಗಳ ಗಡುವಿದೆ. ಅಂತಿಮ ಡಿಕ್ರಿಗಾಗಿ ಕೋರುವ ಅರ್ಜಿಗೆ ಗಡುವಿಲ್ಲವೆಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದೆ. ಆದ್ದರಿಂದ ಆರು ವರ್ಷ ಕಳೆದರೂ ನಿಮ್ಮ ಹಕ್ಕು ಕೆಟ್ಟಿಲ್ಲ. ಪ್ರಾಥಮಿಕ ಡಿಕ್ರಿಯಾದೊಡನೆ ವಿಚಾರಣಾ ನ್ಯಾಯಾಲಯವು ತಾನಾಗಿಯೇ ಮುಂದಿನ ಹಂತಕ್ಕೆ ದಿನಾಂಕ ಗೊತ್ತುಮಾಡಬೇಕು, ಕಕ್ಷಿದಾರರು ಬೇರೆ ಅರ್ಜಿ ತರುವವರೆಗೆ ಕಾಯಬಾರದು ಎಂದು ಅದೇ ನ್ಯಾಯಾಲಯವು 2022ರಲ್ಲಿ ನಿರ್ದೇಶಿಸಿದೆ. ಅದಕ್ಕೆ ಮುಂಚಿನ ಡಿಕ್ರಿಗಳ ಕಟ್ಟುಗಳು ಅರ್ಜಿಗಾಗಿ ಕಾದುಕೊಂಡು ರೆಕಾರ್ಡ್ ರೂಮಿನಲ್ಲಿ ಕೂತಿರುವುದು ಇದ್ದೇ ಇದೆ.

ಇನ್ನೊಂದು ಮಾತು. ನಿಮ್ಮ ದಾವೆಯ ಷೆಡ್ಯೂಲನ್ನು, ಅಂದರೆ ಆಸ್ತಿಯ ವಿವರಪಟ್ಟಿಯನ್ನು, ಈಗಲೇ ತೆಗೆದು ಓದಿ. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಇವು ಇಂದಿನ ಪಹಣಿಗೆ ತಾಳೆಯಾಗುತ್ತವೆಯೇ ನೋಡಿ. ಹಿಂದೆ ಒಮ್ಮೆ ಕಮಿಷನರರ ವರದಿಯೊಂದು ನನ್ನ ಮೇಜಿಗೆ ಬಂದಿತ್ತು. ಮೂವರು ಅಣ್ಣತಮ್ಮಂದಿರ ಜಮೀನು, ಅಳತೆ ಸರಿಯಾಗಿತ್ತು, ನಕ್ಷೆಯೂ ಚೆನ್ನಾಗಿತ್ತು. ಆದರೆ ಮೂರೂ ಪಾಲಿಗೆ ನೀರು ಕೊಡುತ್ತಿದ್ದ ತೆರೆದ ಬಾವಿಯ ಹೆಸರೇ ಷೆಡ್ಯೂಲಿನಲ್ಲಿ ಇರಲಿಲ್ಲ. ದಾವೆ ಬರೆಯಿಸಿದಾಗ ಎಲ್ಲರೂ ಒಟ್ಟಿಗೆ ಸೇದುತ್ತಿದ್ದ ಬಾವಿಯಾದ್ದರಿಂದ ಅದನ್ನು ಬರೆಯಬೇಕೆಂದು ಯಾರಿಗೂ ತೋಚಿರಲಿಲ್ಲ. ಆ ಒಂದು ಬಾವಿಗಾಗಿ ತಿದ್ದುಪಡಿ ಅರ್ಜಿ, ಅದಕ್ಕೆ ತಕರಾರು, ಮತ್ತೆ ಅಳತೆ ಎಂದು ಆ ಕಡತ ಮೂರು ಬೇಸಿಗೆ ಕಂಡಿತು.

ಪ್ರಶ್ನೆ: ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲಿ ನಮ್ಮ ದಾವೆ ವಜಾ ಆಗಿದೆ. ಮೇಲ್ಮನವಿ ಎಲ್ಲಿಗೆ, ಎಷ್ಟು ದಿನದೊಳಗೆ? ಅಲ್ಲಿ ಮತ್ತೆ ಸಾಕ್ಷಿ ಹೇಳಬೇಕೇ? (ಶಿಕಾರಿಪುರದ ಓದುಗರು)

ಉತ್ತರ: ಹಿರಿಯ ಸಿವಿಲ್ ನ್ಯಾಯಾಧೀಶರ ತೀರ್ಪಿನ ಮೇಲ್ಮನವಿ, ದಾವೆಯ ಮೌಲ್ಯ ಕಾನೂನಿನ ಮಿತಿಯೊಳಗಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ, ಮೀರಿದ್ದರೆ ನೇರವಾಗಿ ಹೈಕೋರ್ಟಿಗೆ. ಈ ಮಿತಿಯನ್ನು ಶಾಸಕಾಂಗವು ಕಾಲಕಾಲಕ್ಕೆ ಏರಿಸುತ್ತ ಬಂದಿದೆ. ದಾವೆಯ ಕೊನೆಯಲ್ಲಿರುವ ಮೌಲ್ಯಪಟ್ಟಿಯನ್ನು ವಕೀಲರಿಗೆ ತೋರಿಸಿದರೆ ಬಾಗಿಲು ಯಾವುದೆಂದು ತಿಳಿಯುತ್ತದೆ. ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ಜಿಲ್ಲಾ ನ್ಯಾಯಾಲಯದಲ್ಲಿ ನಿಮ್ಮ ಪ್ರಕರಣಕ್ಕೆ ಆರ್.ಎ. (ರೆಗ್ಯುಲರ್ ಅಪೀಲು) ಎಂಬ ಹೊಸ ಸಂಖ್ಯೆ ಬರುತ್ತದೆ. ಹಳೆಯ ಓ.ಎಸ್. (ಮೂಲ ದಾವೆಯ) ಸಂಖ್ಯೆ ಹಿಡಿದುಕೊಂಡು ಕಚೇರಿಯಲ್ಲಿ ವಿಚಾರಿಸಿದರೆ ಏನೂ ಸಿಗದು.

ದಿನ ಎಣಿಸುವಲ್ಲಿ ಒಂದು ಸೂಕ್ಷ್ಮವಿದೆ. ತೀರ್ಪಿನ ದೃಢೀಕೃತ ನಕಲನ್ನು ಪಡೆಯಲು ಬೇಕಾದ ಕಾಲವನ್ನು ಲಿಮಿಟೇಷನ್ ಅಧಿನಿಯಮದ 12ನೇ ಕಲಮಿನಂತೆ ಲೆಕ್ಕದಿಂದ ಬಿಡಲಾಗುತ್ತದೆ. ನಕಲಿನ ಕೊನೆಯ ಪುಟದಲ್ಲಿ ಒಂದು ಮೊಹರು ಇರುತ್ತದೆ: ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ನಕಲು ಪಡೆದ ದಿನ. ಜನ ನೋಡುವುದು ತೀರ್ಪಿನ ಮೊದಲ ಪುಟ. ಮೇಲ್ಮನವಿಯನ್ನು ಪರಿಶೀಲಿಸುವ ಗುಮಾಸ್ತ ನೋಡುವುದು ಈ ಮೊಹರು. ನಕಲು ಸಿದ್ಧವಾದ ಮೇಲೆ ನೀವು ಅದನ್ನು ಒಯ್ಯದೆ ಬಿಟ್ಟ ದಿನಗಳು ನಿಮ್ಮ ಲೆಕ್ಕಕ್ಕೇ ಸೇರುತ್ತವೆ. ತಡವಾದರೆ ಕಾರಣ ತೋರಿಸಿ ಮನ್ನಿಸುವಂತೆ ಅರ್ಜಿ ಹಾಕಬಹುದು, ಆದರೆ ಮೊದಲು ಆ ಅರ್ಜಿಯೇ ಒಂದು ಸಣ್ಣ ಕೇಸಿನಂತೆ ನಡೆಯಬೇಕಾಗುತ್ತದೆ.

ಮತ್ತೆ ಸಾಕ್ಷಿ ಹೇಳುವ ಪ್ರಮೇಯ ಸಾಮಾನ್ಯವಾಗಿ ಇಲ್ಲ. ಮೊದಲ ಮೇಲ್ಮನವಿಯಲ್ಲಿ ಜಿಲ್ಲಾ ನ್ಯಾಯಾಧೀಶರು ಕೆಳಗಿನ ಕಡತವನ್ನು ತರಿಸಿಕೊಂಡು, ಅದರಲ್ಲಿರುವ ಸಾಕ್ಷ್ಯವನ್ನೇ ಸಂಗತಿ ಮತ್ತು ಕಾನೂನು ಎರಡರ ದೃಷ್ಟಿಯಿಂದಲೂ ಹೊಸದಾಗಿ ತೂಗುತ್ತಾರೆ. ಹೊಸ ದಾಖಲೆಗೆ ಅವಕಾಶ ಬಹಳ ಕಿರಿದು. ಮುಂದೆ ಹೈಕೋರ್ಟಿನಲ್ಲಿ ಎರಡನೇ ಮೇಲ್ಮನವಿ ಹಾಕುವುದಾದರೆ ಕಾನೂನಿನ ಮಹತ್ವದ ಪ್ರಶ್ನೆ ಇರಲೇಬೇಕು. ಆದ್ದರಿಂದ ಸಾಕ್ಷ್ಯದ ಬಗ್ಗೆ ಪೂರ್ತಿಯಾಗಿ ವಾದಿಸಲು ಸಿಗುವ ಕೊನೆಯ ಸ್ಥಳ ಇದೇ ಎಂದು ತಿಳಿದು ತಯಾರಾಗಿ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಕೆಳಗಿನ ಡಿಕ್ರಿ ನಿಲ್ಲುವುದಿಲ್ಲ ಎಂಬುದನ್ನೂ ಎಲ್ಲ ಓದುಗರೂ ನೆನಪಿಡಬೇಕು. ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು.

ಪ್ರಶ್ನೆ: ಊರ ಜಗಳದಲ್ಲಿ ನನ್ನ ಮಗನ ಮೇಲೆ ಕೊಲೆಯತ್ನದ ಕೇಸು ಹಾಕಿದ್ದಾರೆ. ಜೆ.ಎಂ.ಎಫ್.ಸಿ. (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ) ಕೋರ್ಟಿನಲ್ಲಿ ಜಾಮೀನು ಸಿಗಲಿಲ್ಲ. ಜಿಲ್ಲಾ ಕೋರ್ಟಿಗೆ ಹೋಗಬೇಕು ಎನ್ನುತ್ತಾರೆ. ಅಂದರೆ ಕೇಸು ದೊಡ್ಡದಾಯಿತೇ? (ಗೋಕಾಕ ತಾಲ್ಲೂಕಿನ ಓದುಗರು)

ಉತ್ತರ: ತಾಯಿ, ಗಾಬರಿಯಾಗಬೇಡಿ. ಕೇಸು ದೊಡ್ಡದಾಗಿಲ್ಲ, ಬಾಗಿಲು ಬದಲಾಗಿದೆ ಅಷ್ಟೇ. ಭಾರತೀಯ ನ್ಯಾಯ ಸಂಹಿತೆಯ 109ನೇ ಕಲಮಿನ ಈ ಅಪರಾಧದಲ್ಲಿ ಗಾಯವಾಗಿದ್ದರೆ ಜೀವಾವಧಿಯವರೆಗೂ ಶಿಕ್ಷೆಗೆ ಅವಕಾಶವಿದೆ. ಅಂಥ ಪ್ರಕರಣಗಳಲ್ಲಿ ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಜಾಮೀನು ಕೊಡುವಂತಿಲ್ಲ. ಹೆಂಗಸರು, ಮಕ್ಕಳು, ಕಾಯಿಲೆಯವರು, ಅಶಕ್ತರಿಗೆ ಮಾತ್ರ ವಿನಾಯಿತಿ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 483ನೇ ಕಲಮಿನಡಿ ಸತ್ರ ನ್ಯಾಯಾಲಯಕ್ಕೆ ಆ ಕಟ್ಟು ಇಲ್ಲ. ಅರ್ಜಿ ಹಾಕಿದ ಮೇಲೆ ಸರ್ಕಾರಿ ಅಭಿಯೋಜಕರಿಗೆ ನೋಟಿಸು ಹೋಗುತ್ತದೆ, ಅವರು ತಕರಾರು ಸಲ್ಲಿಸುತ್ತಾರೆ, ಎರಡೂ ಕಡೆಯ ವಾದ ಕೇಳಿ ಆದೇಶವಾಗುತ್ತದೆ. ಈ ಅಪರಾಧದಲ್ಲಿ ಮೊದಲ ರಿಮ್ಯಾಂಡಿನಿಂದ (ಮ್ಯಾಜಿಸ್ಟ್ರೇಟರು ಮೊದಲು ಬಂಧನಕ್ಕೆ ಒಪ್ಪಿಸಿದ ದಿನದಿಂದ) 90 ದಿನದೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಕೇಳುವುದು ನಿಮ್ಮ ಮಗನ ಹಕ್ಕಾಗುತ್ತದೆ. ಆದರೆ ಪಟ್ಟಿ ಸಲ್ಲಿಕೆಯಾಗುವ ಮುಂಚೆಯೇ ಅರ್ಜಿ ಕೊಟ್ಟಿರಬೇಕು.

ಆದೇಶವಾದ ದಿನವೇ ಮಗ ಮನೆಗೆ ಬರುತ್ತಾನೆಂದು ಎಣಿಸಬೇಡಿ. ಜಾಮೀನುದಾರರು ಗುರುತಿನ ಚೀಟಿ, ಪಹಣಿ ಮುಂತಾದ ಆಸ್ತಿ ದಾಖಲೆಗಳೊಂದಿಗೆ ಖುದ್ದಾಗಿ ಬಂದು ಮುಚ್ಚಳಿಕೆ ಬರೆದುಕೊಡಬೇಕು, ಅದು ಒಪ್ಪಿಗೆಯಾಗಬೇಕು, ಬಿಡುಗಡೆಯ ಆದೇಶ ಜೈಲಿಗೆ ತಲುಪಬೇಕು. ಜಾಮೀನುದಾರರಾಗಿ ನಿಮ್ಮ ನೆಂಟರನ್ನೋ ಊರಿನವರನ್ನೋ ಕರೆತನ್ನಿ. ಕೋರ್ಟಿನ ಆವರಣದಲ್ಲಿ ‘ಜಾಮೀನುದಾರರನ್ನು ನಾವೇ ಕೊಡುತ್ತೇವೆ’ ಎಂದು ಹತ್ತಿರ ಬರುವವರನ್ನು ಮಾತಾಡಿಸಲೇಬೇಡಿ. ಒಬ್ಬನೇ ವ್ಯಕ್ತಿ ಒಂದೇ ಪಹಣಿಯ ಮೇಲೆ ಹತ್ತು ಜನಕ್ಕೆ ಜಾಮೀನು ನಿಂತದ್ದು ಬಯಲಾಗಿ, ಅವನ ಜೊತೆಗೆ ಆರೋಪಿಗೂ ತೊಂದರೆಯಾದದ್ದುಂಟು.

ಮುಂದೆ ದೋಷಾರೋಪ ಪಟ್ಟಿ ಸಲ್ಲಿಕೆಯಾದ ಬಳಿಕ ಮ್ಯಾಜಿಸ್ಟ್ರೇಟರು ಪ್ರಕರಣವನ್ನು ಸತ್ರ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ; ವಿಚಾರಣೆ ನಡೆಯುವುದು ಅಲ್ಲಿಯೇ. ವಕೀಲರನ್ನು ಇಡುವ ಶಕ್ತಿಯಿಲ್ಲದಿದ್ದರೆ, ಬಂಧನದಲ್ಲಿರುವವರಿಗೆ ಆದಾಯದ ಪ್ರಶ್ನೆಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ ಹೇಳುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರಿಗೂ ಅದೇ ನಿಯಮ. ಪ್ರಧಾನ ಜಿಲ್ಲಾ ನ್ಯಾಯಾಧೀಶರೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು.

ಪ್ರಶ್ನೆ: ಏಳು ವರ್ಷಗಳಿಂದ ಬರೀ ವಾಯಿದೆ. ಈ ನಡುವೆ ಮೂವರು ನ್ಯಾಯಾಧೀಶರು ಬದಲಾದರು. ಪ್ರತಿಬಾರಿಯೂ ಮೊದಲಿನಿಂದ ಶುರುವಾಗುತ್ತದೆಯೇ? (ರಾಣೆಬೆನ್ನೂರಿನ ಓದುಗರು)

ಉತ್ತರ: ಇಲ್ಲ. ಹಿಂದಿನವರು ದಾಖಲಿಸಿದ ಸಾಕ್ಷ್ಯವನ್ನು ಇಟ್ಟುಕೊಂಡೇ ಮುಂದಿನವರು ಮುಂದುವರಿಸುತ್ತಾರೆ. ವಾದ ಮುಗಿದು ತೀರ್ಪಿಗೆ ಇಟ್ಟಿದ್ದಾಗ ವರ್ಗಾವಣೆಯಾದರೆ ಮಾತ್ರ ವಾದವನ್ನು ಹೊಸಬರು ಮತ್ತೆ ಕೇಳಬೇಕಾಗುತ್ತದೆ.

ತಡಕ್ಕೆ ಕಾರಣ ಏನೆಂದು ತಿಳಿಯಲು ಆರ್ಡರ್ ಶೀಟನ್ನು, ಅಂದರೆ ಪ್ರತಿ ವಾಯಿದೆಯಂದು ನಡೆದದ್ದನ್ನು ಬರೆದಿಡುವ ಹಾಳೆಯನ್ನು, ಓದಿ. ಕಡತದಲ್ಲಿ ಇದರಷ್ಟು ನಿಷ್ಠುರವಾದ ಕಾಗದ ಇನ್ನೊಂದಿಲ್ಲ. ನ್ಯಾಯಾಲಯದ ಮೇಲೆ ಸಿಟ್ಟಾಗಿದ್ದ ಹಿರಿಯರೊಬ್ಬರಿಗೆ ಅವರದೇ ಆರ್ಡರ್ ಶೀಟಿನ ನಕಲನ್ನು ಓದಿ ಹೇಳಿದ್ದೆ. ನಾಲ್ಕು ದಿನಾಂಕಗಳಲ್ಲಿ ‘ಪಿ.ಎಫ್. ಕಟ್ಟಿಲ್ಲ’ ಎಂದಿತ್ತು, ಅಂದರೆ ಪ್ರತಿವಾದಿಗೆ ಸಮನ್ಸು ಕಳಿಸುವ ಶುಲ್ಕವನ್ನೇ ಇವರ ಕಡೆಯಿಂದ ತುಂಬಿರಲಿಲ್ಲ. ಆಮೇಲೆ ಒಬ್ಬ ಪ್ರತಿವಾದಿ ತೀರಿಕೊಂಡಿದ್ದರು, ಅವರ ವಾರಸುದಾರರನ್ನು ದಾಖಲೆಗೆ ತರಲು ಒಂದು ವರ್ಷ ಹೋಗಿತ್ತು. ಅದಕ್ಕಿರುವ ಗಡುವು 90 ದಿನ. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು, ‘ಇದನ್ನು ಯಾರೂ ಹೇಳಲಿಲ್ಲವಲ್ಲ’ ಎಂದರು.

ಹಾಗೆಂದು ತಪ್ಪೆಲ್ಲ ಕಕ್ಷಿದಾರರದೇ ಎಂದು ನಾನು ಹೇಳುತ್ತಿಲ್ಲ. ಖಾಲಿ ಇರುವ ಹುದ್ದೆಗಳು, ಒಂದೇ ದಿನದ ಪಟ್ಟಿಯಲ್ಲಿ ಕಿಕ್ಕಿರಿದ ಪ್ರಕರಣಗಳು, ಬೇಕೆಂದೇ ಎಳೆಯುವ ಎದುರು ಪಕ್ಷ, ಇವೆಲ್ಲ ಇವೆ. ವಿಚಾರಣೆಯ ವೇಳೆ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂಬ ನಿಯಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದ್ದರೂ ಅದು ಪಾಲನೆಯಾಗುವುದಕ್ಕಿಂತ ಸಡಿಲವಾಗುವುದೇ ಹೆಚ್ಚು ಎಂಬುದು ನನ್ನ ಅನುಭವ. ನಿಮ್ಮ ಪ್ರಕರಣಕ್ಕೆ ಹದಿನಾರು ಅಕ್ಷರ ಮತ್ತು ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ, ನಮ್ಮ ರಾಜ್ಯದ್ದು ‘ಕೆಎ’ ಎಂದು ಶುರುವಾಗುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ದಿನಾಂಕದ ಜೊತೆಗೆ ಪ್ರಕರಣ ಯಾವ ಹಂತದಲ್ಲಿದೆ ಎಂಬುದೂ ಕಾಣುತ್ತದೆ. ದಿನಾಂಕವನ್ನು ಎಲ್ಲರೂ ನೋಡುತ್ತಾರೆ. ಪಕ್ಕದಲ್ಲಿರುವ ಹಂತದ ಹೆಸರನ್ನು ಓದಿ, ವಕೀಲರನ್ನು ಅದರ ಬಗ್ಗೆ ಕೇಳಿ.

ಪ್ರಶ್ನೆ: ನ್ಯಾಯಾಧೀಶರನ್ನು ಅವರ ಕೊಠಡಿಯಲ್ಲಿ ಕಂಡು ನಮ್ಮ ಕಷ್ಟ ಹೇಳಿಕೊಳ್ಳಬಹುದೇ? (ಮಳವಳ್ಳಿಯ ಓದುಗರು)

ಉತ್ತರ: ಕೂಡದು. ಒಂದು ಪಕ್ಷದವರು ಇಲ್ಲದಾಗ ಇನ್ನೊಂದು ಪಕ್ಷದ ಮಾತನ್ನು ಅವರು ಕೇಳುವಂತಿಲ್ಲ. ಹೇಳುವುದನ್ನು ತೆರೆದ ನ್ಯಾಯಾಲಯದಲ್ಲಿ, ವಕೀಲರ ಮೂಲಕ ಅಥವಾ ಲಿಖಿತ ಅರ್ಜಿಯಲ್ಲಿ ಹೇಳಿ.

ಪ್ರಶ್ನೆ: ಸತ್ರ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲು ಸಮನ್ಸು ಬಂದಿದೆ. ನಾನು ಕನ್ನಡ ಬಿಟ್ಟರೆ ಬೇರೆ ಭಾಷೆ ಅರಿಯೆ. ಏನು ಮಾಡಬೇಕು? (ಕಡೂರು ತಾಲ್ಲೂಕಿನ ಓದುಗರು)

ಉತ್ತರ: ಕನ್ನಡದಲ್ಲೇ ಹೇಳಿ. ಜಿಲ್ಲಾ ಮತ್ತು ಅದರ ಕೆಳಗಿನ ನ್ಯಾಯಾಲಯಗಳ ಭಾಷೆ ಕನ್ನಡ; ಇಂಗ್ಲಿಷು ಕಡ್ಡಾಯವಾಗುವುದು ಹೈಕೋರ್ಟಿನಲ್ಲಿ. ನಿಮ್ಮ ಹೆಸರನ್ನು ಕೂಗಿದಾಗ ಕೇಳಿಸುವಷ್ಟು ಹತ್ತಿರದಲ್ಲಿರಿ. ಪ್ರಮಾಣ ಮಾಡಿಸಿದ ಮೇಲೆ ಮೊದಲು ಸರ್ಕಾರಿ ಅಭಿಯೋಜಕರು ಕೇಳುತ್ತಾರೆ, ಅನಂತರ ಆರೋಪಿಯ ವಕೀಲರು ಪಾಟಿ ಸವಾಲು ಮಾಡುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿ. ವಕೀಲರ ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳುವಂತೆ ನ್ಯಾಯಾಧೀಶರನ್ನು ಕೋರಬಹುದು. ಅದರಲ್ಲಿ ಅಗೌರವವೇನೂ ಇಲ್ಲ.

ಕೊನೆಗೆ ನಿಮ್ಮ ಹೇಳಿಕೆಯ ಹಾಳೆಯ ಅಡಿಯಲ್ಲಿ ‘ಓದಿ ಹೇಳಿ ಕೇಳಲಾಗಿ ಸರಿಯಿದೆ’ ಎಂದು ಬರೆದಿರುತ್ತಾರೆ. ಹೆಚ್ಚಿನವರು ಬಸ್ಸಿಗೆ ಹೊತ್ತಾಯಿತೆಂದು ಅಲ್ಲಿ ಸುಮ್ಮನೆ ಸಹಿ ಹಾಕಿಬಿಡುತ್ತಾರೆ. ಬೆರಳಚ್ಚುಗಾರನಾಗಿದ್ದ ನಾನೇ ಒಮ್ಮೆ ‘ಐವತ್ತು ಅಡಿ’ ಎಂದದ್ದನ್ನು ‘ಹದಿನೈದು ಅಡಿ’ ಎಂದು ಕೇಳಿಸಿಕೊಂಡು ಹೊಡೆದಿದ್ದೆ. ಓದಿ ಹೇಳಿದಾಗ ಆ ಸಾಕ್ಷಿ, ಒಬ್ಬ ಕುರಿಗಾಹಿ, ಪೆನ್ನು ಕೆಳಗಿಟ್ಟು ‘ಇದು ನಾ ಹೇಳಿದ್ದಲ್ಲ ಸ್ವಾಮಿ’ ಎಂದ. ನ್ಯಾಯಾಧೀಶರು ಅಲ್ಲಿಯೇ ತಿದ್ದಿಸಿ ಪಕ್ಕದಲ್ಲಿ ಚಿಕ್ಕ ರುಜು ಹಾಕಿದರು.